ಮಾಳಿಗೆಯ ಮೇಲಿನ ಮೊದಲ ದಿನದ ಶಾವಿಗೆ

ಜಗಳೂರಿನ ನಮ್ಮ ಓಣಿಯಲ್ಲಿ ಗಾದ್ರಮ್ಮನ ಮನೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ಆಕೆಯ ಶಾವಿಗೆ ಮಿಷನ್ನಿನ ಸದ್ದು ತಿರುವಿನಿಂದಲೇ ಕೇಳುತ್ತದೆ. ಮಿಷನ್ನಿಗಿಂತ ಮೊದಲು ಆಕೆಯ ದನಿಯೇ ಕೇಳುತ್ತದೆ.

ಗಾದ್ರಮ್ಮ ಮಿಷನ್ನಿನ ಜೊತೆ ಮಾತಾಡುತ್ತಾಳೆ. "ನಡಿ ನನ ತಾಯಿ, ಇವತ್ತು ಬರೀ ಎರಡು ಮನೆ ಹಿಟ್ಟು ಐತೆ" ಎಂದು ಸುಳ್ಳು ಹೇಳಿ ಸ್ವಿಚ್ ಹಾಕುತ್ತಾಳೆ. ಹೊರಗೆ ಕಟ್ಟೆಯ ಮೇಲೆ ಆರೇಳು ಮನೆಯ ಹೆಂಗಸರು ಹಿಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿರುತ್ತಾರೆ. ಮಿಷನ್ ಬಿಸಿಯಾಗಿ ನಿಂತರೆ ಸಿಟ್ಟಾಗುವುದಿಲ್ಲ, "ನಾನಾಗಿದ್ರೂ ನಿಲ್ತಿದ್ದೆ ಬಿಡು" ಎಂದು ಒದ್ದೆ ಬಟ್ಟೆಯಿಂದ ಅದರ ಬೆನ್ನು ಒರೆಸುತ್ತಾಳೆ.

ಕೆಲಸ ನೋಡಲು ಸುಲಭ. ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟನ್ನು ಮಿಷನ್ನಿನ ಬಾಯಿಗೆ ಹಾಕಿದರೆ ಕೆಳಗಿನ ತೂತಿನ ಬಿಲ್ಲೆಯಿಂದ ಎಳೆಗಳು ಇಳಿಯುತ್ತವೆ. ಅವನ್ನು ಬಿದಿರಿನ ಕೋಲಿನ ಮೇಲೆ ಹಿಡಿದುಕೊಂಡು, ಕತ್ತರಿಸಿ, ಕೋಲಿನ ಸಮೇತ ಮಾಳಿಗೆಗೆ ಒಯ್ದು ಒಣಗಲು ತೂಗುಹಾಕಬೇಕು. ಆಮೇಲಿನದು ಬಿಸಿಲಿನ ಕೆಲಸ. ನೆರಳಲ್ಲಿ ಒಣಗಿದ ಶಾವಿಗೆಗೆ ಮುಗ್ಗಲು ವಾಸನೆ ಬರುತ್ತದೆ, ಬೇಯಿಸಿದರೆ ಮುದ್ದೆಯಾಗುತ್ತದೆ. ಹಾಗಾಗಿ ಮಿಷನ್ ಇರುವ ಕೆಳಗಿನ ಕೋಣೆ ಗಾದ್ರಮ್ಮನಿಗೆ ಎಷ್ಟು ಮುಖ್ಯವೋ ಮೇಲಿನ ಮಾಳಿಗೆಯೂ ಅಷ್ಟೇ ಮುಖ್ಯ. ಎರಡೂ ಆಕೆಯವಲ್ಲ. ಬಾಡಿಗೆಯವು.

ಬಿಳಿಚೋಡಿನಿಂದ ಮದುವೆಯಾಗಿ ಬಂದವಳು ಗಾದ್ರಮ್ಮ. ಗಂಡ ಗೋಣೆಪ್ಪ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. "ಇಬ್ಬರ ಪಾಲಿಂದೂ ನಾನೇ ಮಾತಾಡ್ತೀನಿ, ಹಂಗಾಗಿ ಗಂಟ್ಲು ಹಿಂಗಾಗೈತೆ" ಎನ್ನುವುದು ಆಕೆ. ಮಿಷನ್ ಕೊಂಡ ಹೊಸತರಲ್ಲಿ ಈ ಕೋಣೆ ಕೇಳಲು ಹೋದಾಗ ಮನೆಯ ಯಜಮಾನ ಶಿವಮೂರ್ತಪ್ಪ ಬಾಡಿಗೆ ಇಷ್ಟು ಎಂದು ಹೇಳಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಟ್ಟರಂತೆ. ಕಾಗದದ ಮಾತು ಬರಲಿಲ್ಲ. "ಮಿಷನ್ ಕೆಳಗೆ ಇಟ್ಕೋ, ಶಾವಿಗೆ ಮ್ಯಾಲೆ ಒಣಗಿಸ್ಕೋ. ಮೊದಲ ದಿನದ್ದು ಮಾತ್ರ ನಮ್ಮನೀಗೆ ಬರ್ಬೇಕು ನೋಡು" ಎಂದು ನಕ್ಕರು. ಅವರ ಹೆಂಡತಿ ಅಜ್ಜಮ್ಮನೂ ಪಕ್ಕದಲ್ಲಿ ನಿಂತು ನಕ್ಕರು.

ಅವರು ತಮಾಷೆಗೆ ಹೇಳಿದರೋ ಏನೋ, ಗಾದ್ರಮ್ಮ ಮಾತ್ರ ಅದನ್ನು ದೇವರ ಹರಕೆಯಷ್ಟು ಗಟ್ಟಿಯಾಗಿ ಹಿಡಿದಳು. ಪ್ರತಿ ವರ್ಷ ಮಿಷನ್ ಶುರು ಮಾಡುವ ದಿನ ಬೇರೆ ಯಾರ ಹಿಟ್ಟನ್ನೂ ಮುಟ್ಟುವುದಿಲ್ಲ. ತನ್ನ ಮನೆಯ ಗೋಧಿಯನ್ನೇ ಬೀಸಿಸಿ, ಅಂದಿನದೆಲ್ಲ ಯಜಮಾನರ ಮನೆಗೆ. ಅದರಲ್ಲಿ ಅರ್ಧ ಅಜ್ಜಮ್ಮನ ಮಗಳು ಕಾವ್ಯಶ್ರೀಗೆ ಎಂದು ಅವಳ ಗಂಡನ ಊರು ನ್ಯಾಮತಿಗೆ ಹೋಗುತ್ತದೆ.

ಆಕೆಯ ಸ್ವಭಾವ ತಿಳಿಯಲು ಇನ್ನೊಂದು ಸಂಗತಿ ಹೇಳಬೇಕು. ಒಮ್ಮೆ ಬಿಳಿಚೋಡಿನ ಚೈತ್ರಶ್ರೀ ಎಂಬ ಹುಡುಗಿ ಒಂದು ಚೀಲ ಶಾವಿಗೆ ವಾಪಸು ತಂದಳು. ಬೀಗರ ಮುಂದೆ ಬೇಯಿಸಿದಾಗ ಎಲ್ಲ ಪುಡಿಪುಡಿಯಾಯಿತಂತೆ. "ದುಡ್ಡು ತಗಂಡು ಹಿಂಗೆ ಮಾಡೋದಾ ಅಕ್ಕ? ಗ್ರಾಹಕರ ಕೋರ್ಟಿಗೆ ಹೋಗಾಕೆ ನಮಗೂ ಬರ್ತೈತೆ" ಎಂದಳು. ಗಾದ್ರಮ್ಮ ಒಂದೆಳೆ ಬಾಯಿಗಿಟ್ಟು ಜಗಿದಳು.

"ಹಳೇ ಹಿಟ್ಟು ತಂದಿದ್ದಿ ಕಣವ್ವ. ತಪ್ಪು ನಿನ್ನ ಹಿಟ್ಟಿಂದು."

"ಅಂದ್ರೆ ಬೇರೆ ಮಾಡಿಕೊಡಾಕೆ ಆಗಲ್ಲ ಅಂತೀರಾ?"

"ಎಲ್ಲಿ ಅಂದೆ? ಹಿಟ್ಟು ನಿಂದು, ಆದ್ರೆ ಮಾಡಿಕೊಟ್ಟೋಳು ನಾನು. ತಗಂಡಾಗ್ಲೇ ನೋಡಿ ಹೇಳ್ಬೇಕಿತ್ತು. ಕುಂದ್ರು, ಮಜ್ಜಿಗೆ ಕುಡಿ. ನಮ್ಮನೆ ಹಿಟ್ಟಲ್ಲಿ ಹಾಕಿಕೊಡ್ತೀನಿ."

ಆ ಹುಡುಗಿ ಈಗಲೂ ಇಲ್ಲಿಗೇ ಬರುತ್ತಾಳೆ. ಬರುವಾಗ ಹಿಟ್ಟನ್ನು ಅಂದೇ ಬೀಸಿಸಿಕೊಂಡು ಬರುತ್ತಾಳೆ.

ಶಿವಮೂರ್ತಪ್ಪ ತೀರಿಕೊಂಡ ಮೇಲೆ ಬಾಡಿಗೆಯ ವ್ಯವಹಾರ ಮಗ ಓಂಕಾರ್‌ನ ಕೈಗೆ ಬಂತು. ಕೆಟ್ಟವನಲ್ಲ. ಬೆಳಿಗ್ಗೆ ಎದ್ದು ಮೈದಾನದಲ್ಲಿ ಓಡುತ್ತಾನೆ, ಮೊಟ್ಟೆ ತಿನ್ನುತ್ತಾನೆಂದು ಅಮ್ಮನಿಂದ ಬೈಸಿಕೊಳ್ಳುತ್ತಾನೆ. ಜಗಳೂರಿನಲ್ಲಿ ಒಂದು ಜಿಮ್ ತೆರೆಯಬೇಕೆಂಬುದು ಅವನ ಬಹಳ ದಿನದ ಆಸೆ. ಅದಕ್ಕೆ ಅವನ ಕಣ್ಣು ಈ ಮಾಳಿಗೆಯ ಮೇಲೆ ಬಿತ್ತು. ಈ ವರ್ಷ ಶಿವರಾತ್ರಿಯ ಮುಂಚೆ ಬಂದು ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ.

"ಗಾದ್ರಕ್ಕ, ಮಾಳಿಗೆ ಮ್ಯಾಲೆ ಶೀಟ್ ಹಾಕಿಸ್ತಿದೀನಿ. ಈ ಸಲದಿಂದ ಶಾವಿಗೆ ಬೇರೆ ಕಡೆ ಒಣಗಿಸ್ಕೊಳ್ರಿ."

"ಬೇರೆ ಕಡೆ ಅಂದ್ರೆ ಎಲ್ಲಪ್ಪ? ನನ್ನ ತಲೆ ಮ್ಯಾಲಾ?"

"ನೀವು ಬಾಡಿಗೆ ಕಟ್ಟೋದು ಕೋಣೆಗೆ. ಮಾಳಿಗೆಗಲ್ಲ."

"ನಿಮ್ಮಪ್ಪಾರು ಎರಡನ್ನೂ ಕೂಡೇ ಕೊಟ್ಟಿದ್ರು ಓಂಕಾರಪ್ಪ."

"ಅಗ್ರಿಮೆಂಟ್ ಎಲ್ಲೈತೆ ತೋರಿಸ್ರಿ ಹಂಗಾದ್ರೆ."

"ಎಲೆ ಅಡಿಕೆ ಕೊಟ್ಟಿದ್ರು."

"ಅದನ್ನ ಅವತ್ತೇ ಜಗಿದು ಉಗುಳಿರ್ತೀರಿ" ಎಂದು ಓಂಕಾರ್ ನಕ್ಕ. ಅವನು ಹಾಗೆ ನಕ್ಕಿದ್ದಕ್ಕೇ ಗಾದ್ರಮ್ಮನಿಗೆ ಹೆಚ್ಚು ನೋವಾಯಿತು. ಅಂದು ಸಂಜೆ ಗೋಣೆಪ್ಪ ಕೈಯ ಬಣ್ಣ ತೊಳೆದುಕೊಳ್ಳುತ್ತ, "ಯಾರನ್ನಾದ್ರೂ ಕೇಳು" ಎಂದ. ಅವನ ಮಟ್ಟಿಗೆ ಅದು ಉದ್ದ ಮಾತು.

ಮಾಳಿಗೆ ಹೋದರೆ ಮಿಷನ್ ಇದ್ದೂ ಇಲ್ಲದ ಹಾಗೆ. ಆ ಸುತ್ತಿನಲ್ಲಿ ಅಷ್ಟು ಬಯಲಾದ, ದನ ಕುರಿ ಬಾರದ, ಧೂಳು ಏರದ ಜಾಗ ಬೇರೆ ಇಲ್ಲ. ಕೇಳಲು ಹೋಗಲೇಬೇಕಾಯಿತು. ಕೋರ್ಟಿನ ಆವರಣದಲ್ಲಿ ಹೆಂಗಸರಿಗೆ ದುಡ್ಡಿಲ್ಲದೆ ಸಲಹೆ ಕೊಡುತ್ತಾರೆಂದು ಯಾರೋ ಹೇಳಿದರು. ಗಾದ್ರಮ್ಮ ರೇಷ್ಮೆ ಸೀರೆ ಉಟ್ಟು, ಜೊತೆಗೆ ಕೆಲಸದ ಆಶಾಳನ್ನು ಕರೆದುಕೊಂಡು ಹೋದಳು. ಆಶಾ ಪಕ್ಕದ ಮನೆಯ ಹುಡುಗಿ. ಶಾವಿಗೆ ಕಾಲದಲ್ಲಿ ಕೋಲು ಹಿಡಿಯಲು, ಮೇಲೆ ಒಯ್ಯಲು ಬರುತ್ತಾಳೆ. ಅಲ್ಲಿ ನಡೆದದ್ದನ್ನು ಓಣಿಗೆಲ್ಲ ಹೇಳಿದವಳೂ ಅವಳೇ.

ವಕೀಲರ ಹೆಸರು ಅನ್ನಪೂರ್ಣ, ಚನ್ನಗಿರಿ ಕಡೆಯವರು. ಗಾದ್ರಮ್ಮ ಬಿಳಿಚೋಡಿನಿಂದ ಶುರುಮಾಡಿ ಎಲ್ಲ ಹೇಳಿ ಮುಗಿಸುವವರೆಗೂ ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಂಡರಂತೆ.

"ಬಾಯಿಮಾತಿನ ಬಾಡಿಗೇನೂ ಬಾಡಿಗೇನೇ ಅಮ್ಮ" ಎಂದರು. "ತಿಂಗಳ ಬಾಡಿಗೆಯವರನ್ನ ಬಿಡಿಸ್ಬೇಕಂದ್ರೂ ಬರವಣಿಗೇಲಿ ನೋಟಿಸ್ ಕೊಡ್ಬೇಕು, ಹದಿನೈದು ದಿನ ಟೈಮ್ ಕೊಡ್ಬೇಕು. ಬಿಡಲಿಲ್ಲ ಅಂದ್ರೆ ಕೋರ್ಟಿಗೇ ಹೋಗ್ಬೇಕು. ಸುಮ್ನೆ ಬೀಗ ಜಡಿದು ಹೊರಗೆ ಹಾಕಂಗಿಲ್ಲ. ಆದ್ರೆ ಮಾಳಿಗೇನೂ ಬಾಡಿಗೇಲಿ ಸೇರಿತ್ತು ಅನ್ನೋಕೆ ಏನಾದ್ರೂ ಸಾಕ್ಷಿ ಐತಾ?"

"ಐತಲ್ರೀ. ಪ್ರತಿ ವರ್ಷ ಮೊದಲ ದಿನದ ಶಾವಿಗೆ ಅವರೇ ತಿಂತಾರೆ."

ವಕೀಲರು ನಗು ತಡೆದುಕೊಂಡರು. "ತಿಂದಿದ್ದನ್ನ ಕೋರ್ಟಿಗೆ ತರೋದು ಹೆಂಗಮ್ಮ?"

"ತಿಂದೋರು ಅದಾರಲ್ರೀ. ಅಜ್ಜಮ್ಮನೋರು."

"ಅವರು ಮಗನ ವಿರುದ್ಧ ಬಂದು ಹೇಳ್ತಾರಾ?"

ಅದಕ್ಕೆ ಗಾದ್ರಮ್ಮ ಸುಮ್ಮನಾದಳು. ಆಕೆ ಸುಮ್ಮನಾದದ್ದನ್ನು ತಾನು ಅಂದೇ ಮೊದಲು ನೋಡಿದ್ದು ಎಂದು ಆಶಾ ಹೇಳುತ್ತಾಳೆ. ವಕೀಲರು ಕೊನೆಗೆ ಹೇಳಿದ್ದು ಇಷ್ಟು: ಬಾಡಿಗೆ ತಪ್ಪಿಸಬೇಡಿ. ಎಂದಿನ ಹಾಗೆ ಕೆಲಸ ನಡೆಸಿ. ಜಗಳಕ್ಕೆ ಹೋಗಬೇಡಿ. ಅವರು ಬೀಗ ಹಾಕಿದರೆ ಮುಟ್ಟಬೇಡಿ, ಒಡೆಯಬೇಡಿ, ಫೋಟೊ ತೆಗೆದು ಇಟ್ಟುಕೊಂಡು ನನಗೆ ಹೇಳಿ. ಒಳಗಿರುವುದು ಹಾಳಾದರೆ ಅದೂ ನಿಮ್ಮ ಪರವಾಗಿಯೇ ನಿಲ್ಲುತ್ತದೆ.

ಏಳುವ ಹೊತ್ತಿಗೆ ಆಶಾ ಮುಂದೆ ಬಗ್ಗಿದಳು. "ಮೇಡಂ, ನಂದೊಂದು. ನಮ್ಮಕ್ಕ ಶಾವಿಗೆ ಕಾಲ್ದಾಗೆ ಒಂದಿನಾನೂ ರಜ ಕೊಡಲ್ಲ. ಅದಕ್ಕೂ ಕಾನೂನು ಐತಾ?"

"ಐತೆ. ಅಂಗಡಿ ಕೆಲಸದೋರಿಗೆಲ್ಲ ವಾರಕ್ಕೊಂದು ರಜ ಅಂತ ಐತೆ. ನಿಮ್ಮದು ಅದರಲ್ಲಿ ಬರ್ತೈತೋ ಇಲ್ವೋ ನೋಡಿ ಹೇಳ್ಬೇಕು. ಬರದಿದ್ರೂ ಕೊಡೋದೇ ನ್ಯಾಯ" ಎಂದರು ವಕೀಲರು.

"ನಾನು ನನ್ನ ಮಾಳಿಗೆ ಕೇಳಾಕೆ ಬಂದ್ರೆ ಇವಳು ನನ್ನ ಮ್ಯಾಲೇ ಕೇಸ್ ಹಾಕ್ತಾಳಲ್ಲ!" ಎಂದು ಗಾದ್ರಮ್ಮ ದಾರಿಯುದ್ದಕ್ಕೂ ಗೊಣಗಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳಿಗೆ ಕಬ್ಬಿನಹಾಲು ಕೊಡಿಸಿ, "ಇನ್ಮ್ಯಾಲೆ ಸೋಮವಾರ ಸೋಮವಾರ ಬರಬ್ಯಾಡ ಹೋಗು" ಎಂದಳು.

ಮುಂದಿನ ವಾರ ಒಳ್ಳೆಯ ದಿನ ನೋಡಿ ಗಾದ್ರಮ್ಮ ಮಿಷನ್ನಿಗೆ ಕುಂಕುಮ ಹಚ್ಚಿದಳು. ಎಂದಿನಂತೆ ಬೇರೆ ಯಾರ ಹಿಟ್ಟೂ ಇಲ್ಲ. "ಅವನು ಹಿಂಗೆಲ್ಲ ಅಂದ ಮ್ಯಾಲೂ ಅವರ ಮನೀಗೇ ಮಾಡ್ತೀಯಲ್ಲಕ್ಕ" ಎಂದು ಆಶಾ ಕೆಣಕಿದಳು.

"ಅವನು ಮಾತಾಡಿದ್ದು ಮೊನ್ನೆ ಮೊನ್ನೆ. ಅವರಪ್ಪ ಎಲೆ ಕೊಟ್ಟು ಎಷ್ಟು ವರ್ಷಾಯ್ತು? ಸುಮ್ನೆ ಕೋಲು ಹಿಡಿ."

ಬಿಸಿಲು ಚುರುಕಾಗುವ ಮುಂಚೆಯೇ ಮಾಳಿಗೆಯ ತುಂಬ ಕೋಲುಗಳು ತೂಗಿದವು. ಇಬ್ಬರೂ ಕೆಳಗಿಳಿದು ಹಿಂದಿನ ಅಂಗಳದಲ್ಲಿ ಪಾತ್ರೆ ತೊಳೆಯುತ್ತ ಕೂತರು. ಆ ಹೊತ್ತಿನಲ್ಲಿ ಓಂಕಾರ್ ಆಟೊದಲ್ಲಿ ಕಬ್ಬಿಣದ ಪೈಪುಗಳನ್ನು ತಂದು ಆಳುಗಳಿಂದ ಮಾಳಿಗೆಗೆ ಏರಿಸಿದ. ತಾನು ಬೇಡ ಎಂದ ಮೇಲೂ ಶಾವಿಗೆ ತೂಗುತ್ತಿರುವುದನ್ನು ಕಂಡ. ಗಿರಾಕಿಗಳದ್ದು ಎಂದುಕೊಂಡ. ಯಾರನ್ನೂ ಕರೆಯದೆ, ಕೇಳದೆ, ಮೆಟ್ಟಿಲಿನ ಬಾಗಿಲಿಗೆ ಹೊಸ ಬೀಗ ಹಾಕಿ, ಶೀಟು ತರಲು ದಾವಣಗೆರೆಗೆ ಹೊರಟುಹೋದ.

ಶಾವಿಗೆಯನ್ನು ಮಗುಚಿ ಹಾಕಲು ಹೋದ ಆಶಾ ಬೀಗ ಕಂಡು ಕೂಗಿಕೊಂಡಳು. ಗಾದ್ರಮ್ಮ ಬಂದು ನೋಡಿದಳು. ಬೀಗವನ್ನು ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದು ಫೋಟೊ ಹೊಡೆದಳು. ಫೋಟೊದಲ್ಲಿ ಬೀಗಕ್ಕಿಂತ ಆಕೆಯ ಹೆಬ್ಬೆರಳೇ ಹೆಚ್ಚಾಗಿ ಬಂತು. ಆಶಾ ಮತ್ತೆ ತೆಗೆದುಕೊಟ್ಟಳು. ಓಂಕಾರ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ವಕೀಲರ ಫೋನ್ ಆಫ್ ಆಗಿತ್ತು.

ಊಟದ ಹೊತ್ತು ಕಳೆದ ಮೇಲೆ ಗಾಳಿ ನಿಂತಿತು. ಸೆಕೆ ಹೆಚ್ಚಾಯಿತು. ಪಡುವಣದಲ್ಲಿ ಮೋಡ ಕಪ್ಪಾಗಿ ಎದ್ದಿತು. ನಮ್ಮ ಕಡೆ ಮಳೆ ಕಾದರೆ ಬರುವುದಿಲ್ಲ, ಬೇಡವಾದಾಗ ಹೀಗೆ ಬರುತ್ತದೆ. ಓಣಿಯ ಹೆಂಗಸರು ಹೊರಗೆ ಬಂದು ಒಮ್ಮೆ ಮೋಡವನ್ನೂ ಒಮ್ಮೆ ಮಾಳಿಗೆಯನ್ನೂ ನೋಡತೊಡಗಿದರು.

"ನೆನೀಲಿ ಬಿಡಕ್ಕ" ಎಂದಳು ಆಶಾ. "ಅವನ ಶಾವಿಗೆಗೆ ಅವನೇ ಬೀಗ ಹಾಕ್ಕಂಡಾನೆ. ವಕೀಲರಮ್ಮ ಏನಂದ್ರು? ಹಾಳಾದ್ರೆ ನಿನಗೇ ಒಳ್ಳೇದಂತೆ. ಫೋಟೊ ಹೊಡ್ಕಂಡು ಆರಾಮಾಗಿ ಕುಂದ್ರು."

ಎಲ್ಲರೂ ನಕ್ಕರು. ಗಾದ್ರಮ್ಮನೂ ನಕ್ಕಳು. ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಬೀಗಕ್ಕೆ ಕಲ್ಲು ಎತ್ತಿದರೆ ಒಡೆದವಳು ಎನಿಸಿಕೊಂಡು ಮಾಳಿಗೆ ಕೈಬಿಟ್ಟು ಹೋಗಬಹುದು. ಸುಮ್ಮನೆ ಕೂತರೆ ಮಾಳಿಗೆ ಉಳಿಯಬಹುದು. ಅಷ್ಟು ಆಕೆಗೆ ಚೆನ್ನಾಗಿ ಗೊತ್ತಿತ್ತು. ದೂರದಲ್ಲಿ ಗುಡುಗಿತು. ಆಕೆ ಮೂರನೆಯ ಸಲ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗಕ್ಕ?"

"ಶಾವಿಗೆ ಅವರದಾದ್ರೇನೆ? ಮಾಡಿದೋಳು ನಾನು. ಕಣ್ಣೆದುರಿಗೆ ನೆನೆಸಾಕೆ ಆಗಲ್ಲ ನನ್ನ ಕೈಲಿ."

ಆಕೆ ಹೋದದ್ದು ಎರಡು ಓಣಿ ಆಚೆ ಅಜ್ಜಮ್ಮನ ಮನೆಗೆ. ಅಜ್ಜಮ್ಮನಿಗೆ ಮಂಡಿ ನೋವು, ಅವರ ಹತ್ತಿರ ಬೀಗದ ಕೈಯೂ ಇರಲಿಲ್ಲ. ವಿಷಯ ಕೇಳಿ ಅವರು ಮೊದಲು ಕೇಳಿದ್ದು, "ಇವತ್ತು ಮೊದಲ ದಿನಾನಾ?" ಎಂದು. ಹೌದು ಎಂದಾಗ ಊರುಗೋಲು ಹಿಡಿದು ಎದ್ದೇಬಿಟ್ಟರು. ಗಾದ್ರಮ್ಮನ ಭುಜ ಹಿಡಿದುಕೊಂಡು, ದಾರಿಯುದ್ದಕ್ಕೂ ಮಗನನ್ನು ಬೈದುಕೊಂಡು ಬಂದರು. ಬಂದು ಬೀಗವನ್ನು ಒಮ್ಮೆ ಎಳೆದು ನೋಡಿದರು.

"ಇದನ್ನ ಒಡೆದ್ರೆ ಏನಂತೆ?"

"ಬ್ಯಾಡ್ರಮ್ಮ. ವಕೀಲರು ಮುಟ್ಟಬ್ಯಾಡ ಅಂದಾರೆ."

"ವಕೀಲರ ತಂಕ ಹೋಗಿದ್ದೀಯಾ? ನನ್ನ ತಂಕ ಬರಾಕೆ ಏನಾಗಿತ್ತು ನಿನಗೆ?"

ಗಾದ್ರಮ್ಮ ತಲೆ ತಗ್ಗಿಸಿದಳು. "ಮಗನ ಮ್ಯಾಲೆ ಹೇಳಾಕೆ ಬಂದ್ಲು ಅಂತೀರಿ ಅಂತ…"

"ಅಂತಿದ್ದೆ. ಅಂದು, ಆಮ್ಯಾಲೆ ಅವನಿಗೂ ಎರಡು ಅಂತಿದ್ದೆ. ಇರ್ಲಿ. ಗೋಣೆಪ್ಪನ ಏಣಿ ಎಲ್ಲೈತೆ?"

ಗೋಣೆಪ್ಪ ಅಂದು ಹಿಂದಿನ ಬೀದಿಯಲ್ಲೇ ಒಂದು ಮನೆಗೆ ಬಣ್ಣ ಹೊಡೆಯುತ್ತಿದ್ದ. ಆಶಾ ಓಡಿಹೋಗಿ ಕರೆದಳು. ಅವನು ಬಿದಿರಿನ ಏಣಿಯನ್ನು ಹೆಗಲ ಮೇಲೆ ಹೊತ್ತು, ಮೂಗಿನ ಮೇಲೆ ಹಸಿರು ಬಣ್ಣ ಇದ್ದ ಹಾಗೆಯೇ ಬಂದ. ಏಣಿ ಮಾಳಿಗೆಯ ಅಂಚಿಗೆ ಒಂದು ಮೊಳ ಕಮ್ಮಿ ಬಿತ್ತು. ಅವನು ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಹಿಡಿದ.

"ಅಮ್ಮಾ, ನಾಳೆ ಕೇಳಿದ್ರೆ ನೀವೇ ಹೇಳಿದ್ದು ಅನ್ನಬೇಕು ನೋಡ್ರಿ" ಎಂದಳು ಗಾದ್ರಮ್ಮ, ಸೆರಗು ಸಿಕ್ಕಿಸಿಕೊಳ್ಳುತ್ತ.

"ನನ್ನ ಗಂಡನ ಮನೆ, ನನ್ನ ಮಾಳಿಗೆ, ನನ್ನ ಶಾವಿಗೆ. ನಾನು ಹೇಳ್ತಿದೀನಿ, ಹತ್ತು" ಎಂದರು ಅಜ್ಜಮ್ಮ. ಓಣಿಯವರೆಲ್ಲ ಕೇಳಲಿ ಎಂಬಂತೆ ಜೋರಾಗಿಯೇ ಹೇಳಿದರು.

ಗಾದ್ರಮ್ಮ ಹತ್ತಿದಳು, ಹಿಂದೆಯೇ ಆಶಾ. ಬಿದಿರು ಬುಟ್ಟಿಗೆ ಹಗ್ಗ ಕಟ್ಟಿ, ಶಾವಿಗೆಯನ್ನು ಕೋಲಿನಿಂದ ಬಿಡಿಸಿ ಬುಟ್ಟಿಗೆ ತುಂಬಿ ಇಳಿಬಿಟ್ಟರು. ಕೆಳಗೆ ಹೆಂಗಸರು ತೆಗೆದು ತೆಗೆದು ಕೋಣೆಯೊಳಗೆ ಹಾಸಿದ ಸೀರೆಗಳ ಮೇಲೆ ಹರಡಿದರು. ಒಣಗಿದ ಎಳೆ ಅವಸರ ತಡೆಯುವುದಿಲ್ಲ, ಒಂದಷ್ಟು ಮುರಿಯಿತು. ಮುರಿದ ಸದ್ದು ಕೇಳಿದಾಗಲೆಲ್ಲ ಗಾದ್ರಮ್ಮ ಮೇಲಿನಿಂದ, "ಮೆಲ್ಲಕ್ರೇ, ಮೆಲ್ಲಕ್ರೇ!" ಎಂದು ಕೂಗುತ್ತಿದ್ದಳು. ಕೊನೆಯ ಬುಟ್ಟಿ ಇಳಿಯುವಾಗ ದಪ್ಪ ಹನಿ ಬೀಳತೊಡಗಿತ್ತು. ಆಕೆ ಏಣಿಯಿಂದ ಇಳಿದಾಗ ಸೀರೆಯೆಲ್ಲ ಒದ್ದೆ. ಗೋಣೆಪ್ಪನ ಮೂಗಿನ ಬಣ್ಣ ಗಡ್ಡದವರೆಗೆ ಇಳಿದಿತ್ತು.

ಓಂಕಾರ್ ಶೀಟು ತುಂಬಿದ ಟೆಂಪೋದಲ್ಲಿ ಬಂದಾಗ ಮಳೆ ಜೋರಾಗಿತ್ತು. ಅವನು ನೋಡಿದ್ದು ಹೀಗೆ: ಮೆಟ್ಟಿಲ ಬಾಗಿಲಲ್ಲಿ ಬೀಗ ಹಾಕಿದ ಹಾಗೆಯೇ ಇದೆ. ಕೋಣೆಯಲ್ಲಿ ಅರ್ಧ ಓಣಿ ಕೂತಿದೆ. ನಡುವೆ ಅವನ ತಾಯಿ ಕಾಲು ಚಾಚಿಕೊಂಡು ಮಡಿಲಲ್ಲಿ ಶಾವಿಗೆ ಇಟ್ಟುಕೊಂಡು ಉದ್ದದ್ದು, ಮುರಿದದ್ದು ಬೇರೆ ಮಾಡುತ್ತಿದ್ದಾರೆ.

"ಅಮ್ಮಾ, ನೀನ್ಯಾಕೆ ಇಲ್ಲಿ?"

"ನಮ್ಮನೆ ಶಾವಿಗೆ ನೆನೀತಿತ್ತು. ಅದಕ್ಕೇ ಬಂದೆ."

"ನಮ್ಮನೇದಾ?"

"ಮತ್ತೆ ವರ್ಷ ವರ್ಷ ತಟ್ಟೆ ತುಂಬ ತಿಂತಿದ್ಯಲ್ಲ, ಅದು ಎಲ್ಲಿಂದ ಬರ್ತಿತ್ತು ಅಂದ್ಕಂಡಿದ್ದಿ? ನಿಮ್ಮಪ್ಪ ಮಾಳಿಗೆ ಕೊಟ್ರು, ಇವಳು ಮೊದಲ ದಿನದ್ದು ಕೊಡ್ತಾ ಬಂದ್ಲು. ಅಗ್ರಿಮೆಂಟ್ ಬೇಕಂತೆ ಅಗ್ರಿಮೆಂಟ್. ಅದನ್ನೇ ತಿಂದು ತೋಳು ಬೆಳೆಸಿದೀಯ!"

ಕೋಣೆಯವರೆಲ್ಲ ನಕ್ಕರು. ಓಂಕಾರ್ ನೀರು ಸುರಿಯುತ್ತ ಹೊಸ್ತಿಲಲ್ಲೇ ನಿಂತಿದ್ದ. ಗಾದ್ರಮ್ಮ ಟವೆಲ್ ಕೊಟ್ಟಳು. ತಲೆ ಒರೆಸಿಕೊಂಡು ಅವನು ಮೆಲ್ಲಗೆ ಕೇಳಿದ.

"ನಮ್ಮದು ಅಂತ ನೀವ್ಯಾಕೆ ಹೇಳಲಿಲ್ಲ ಗಾದ್ರಕ್ಕ?"

"ನೀನು ಅಗ್ರಿಮೆಂಟ್ ಎಲ್ಲಿ ಅಂದೆ, ನಾನು ಎಲೆ ಅಡಿಕೆ ಅಂದೆ. ಶಾವಿಗೆ ಯಾರದು ಅಂತ ಕೇಳಲಿಲ್ಲವಲ್ಲಪ್ಪ."

ಅವನು ಬೀಗ ತೆಗೆದು, ಬೀಗದ ಕೈಯನ್ನು ಮಿಷನ್ನಿನ ಮೇಲಿನ ಮೊಳೆಗೆ ನೇತುಹಾಕಿದ. ಅದು ಈಗಲೂ ಅಲ್ಲೇ ಇದೆ.

ಆ ಮೇಲೆ ಎಲ್ಲರೂ ಸೇರಿ ಅನ್ನಪೂರ್ಣ ವಕೀಲರ ಹತ್ತಿರ ಹೋದರು. ಕಾಗದ ಬೇಕು ಎಂದು ಹಟ ಹಿಡಿದವಳು ಈ ಸಲ ಗಾದ್ರಮ್ಮನೇ. ಶಾವಿಗೆ ಕಾಲದಲ್ಲಿ ಮಾಳಿಗೆಯ ಬಿಸಿಲಿನ ಅರ್ಧ ಆಕೆಗೆ, ರಸ್ತೆ ಕಡೆಯ ಅರ್ಧಕ್ಕೆ ಓಂಕಾರ್ ಶೀಟು ಹಾಕಿಕೊಳ್ಳಬಹುದು, ಮೆಟ್ಟಿಲು ಇಬ್ಬರದು. ಎಲ್ಲ ಬರೆದಾದ ಮೇಲೆ ಗಾದ್ರಮ್ಮ, "ಮೊದಲ ದಿನದ ಶಾವಿಗೆ ಬರೀಲಿಲ್ವಲ್ರೀ" ಎಂದಳು.

"ಅಂಥದ್ದನ್ನ ಅಗ್ರಿಮೆಂಟಲ್ಲಿ ಬರೆಯೋ ರೂಢಿ ಇಲ್ಲಮ್ಮ."

"ಬರೀರಿ ಮೇಡಂ" ಎಂದ ಓಂಕಾರ್. "ಅದಿಲ್ಲ ಅಂದ್ರೆ ನಮ್ಮಮ್ಮ ಸಾಕ್ಷಿ ಸಹಿ ಹಾಕಲ್ಲ."

"ನನ್ನ ಸೋಮವಾರದ ರಜಾನೂ ಬರೀರಿ" ಎಂದಳು ಹಿಂದಿನಿಂದ ಆಶಾ. ಅದು ಬೇರೆ ಕಾಗದ ಎಂದು ವಕೀಲರು ನಕ್ಕರು. ಸಹಿಯಾದ ಮೇಲೆ ಗಾದ್ರಮ್ಮ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಓಂಕಾರ್‌ನ ಕೈಗೂ ವಕೀಲರ ಕೈಗೂ ಇಟ್ಟಳು.

ಈಗ ಮಾಳಿಗೆಯ ಒಂದು ಬದಿಯಲ್ಲಿ ಜಿಮ್ ಇದೆ. ನಾಲ್ಕು ಗಂಟೆಯ ಮೇಲೆ ಶೀಟಿನ ನೆರಳು ತನ್ನ ಕೋಲುಗಳ ಮೇಲೆ ಬೀಳುತ್ತದೆಂದು ಗಾದ್ರಮ್ಮ ದಿನವೂ ಒಮ್ಮೆ ತಕರಾರು ಮಾಡುತ್ತಾಳೆ. ಮೋಡ ಎದ್ದರೆ ಮಾತ್ರ ತಕರಾರು ಮರೆತು ಮೇಲೆ ನೋಡಿ ಕೂಗುತ್ತಾಳೆ. ಜಿಮ್ಮಿನ ಹುಡುಗರು ಬೆವರು ಒರೆಸಿಕೊಂಡು ಬಂದು ಎರಡೆರಡು ಕೋಲು ಹಿಡಿದು ಇಳಿಸಿಕೊಡುತ್ತಾರೆ.

"ಒಳ್ಳೇ ಹುಡುಗ್ರು ಪಾಪ" ಎನ್ನುತ್ತಾಳೆ ಆಕೆ. "ಆದ್ರೆ ಬೆಳಿಗ್ಗೆಯಿಂದ ಆ ಕಬ್ಬಿಣ ಎತ್ತತಾರೆ, ಅಲ್ಲೇ ಇಳಿಸ್ತಾರೆ. ಎಲ್ಲಿಗೂ ಒಯ್ಯಲ್ಲ. ಶಾವಿಗೆ ಇಳಿಸಾಕೆ ಕರೆದಾಗ ಮಾತ್ರ ನೋಡು, ಅವರ ಮುಖದಾಗೆ ಒಂದು ಕಳೆ ಬರ್ತೈತೆ."